ಕೊರಿಯಾದ ಗಡಿವಲಯವನ್ನು ಗೈಡ್ ಜೊತೆ ನೋಡಬೇಕೇ, ಬೇಡವೇ? ಹಾಸನ ಸೀಮೆಯಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಮನೆಗಳಿಗೆ ದಕ್ಷಿಣ ಕೊರಿಯಾ ಈಗ ಅಪರಿಚಿತ ದೇಶವಾಗಿ ಉಳಿದಿಲ್ಲ. ಓದಲೆಂದೋ ಕಂಪನಿಯ ಕೆಲಸಕ್ಕೆಂದೋ ಅಲ್ಲಿಗೆ ಹೋಗಿ ನೆಲೆಸಿದ ಮಕ್ಕಳನ್ನು ನೋಡಲು ಹೊರಡುವ ತಂದೆತಾಯಿಗಳ ಪಟ್ಟಿಯಲ್ಲಿ, ರಾಜಧಾನಿ ಸಿಯೋಲ್‌ನ ಅರಮನೆಗಳ ಜೊತೆಗೆ, ಎರಡು ಕೊರಿಯಾಗಳ ನಡುವಿನ ಗಡಿಯೂ ಸೇರಿಕೊಂಡಿರುತ್ತದೆ. ಆಗ ಅವರು ಕೇಳುವ ಪ್ರಶ್ನೆ ಒಂದೇ: ಗೈಡ್ ಇರುವ ಬಸ್ಸಿಗೆ ದುಡ್ಡು ಕೊಡಬೇಕೇ, ಅಥವಾ ನಾವೇ ಹೋಗಿ ನೋಡಿಬರಬಹುದೇ? ನಾನು ಮೊದಲ ಸಲ ಅಕ್ಕ ಮತ್ತು ಭಾವನವರ ಜೊತೆ ಗೈಡ್ ಇದ್ದ ಬಸ್ಸಿನಲ್ಲಿ ಹೋಗಿದ್ದೆ. ಎರಡನೆಯ ಸಲ ಒಬ್ಬನೇ ರೈಲಿನಲ್ಲಿ ಹೋದೆ. ಎರಡೂ ಅನುಭವಗಳಿಂದ ನನಗೆ ಮನವರಿಕೆಯಾದದ್ದೇನೆಂದರೆ, ದುಡ್ಡಿನ ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಎಲ್ಲಿಯವರೆಗೆ ಹೋಗಬೇಕು, ಏನನ್ನು ನೋಡಬೇಕು, ಯಾರ ಜೊತೆ ಹೋಗುತ್ತಿದ್ದೇವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಗೈಡ್ ಬೇಕೇ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲ ಹಂತ: ಎಲ್ಲಿಯವರೆಗೆ ಸ್ವತಂತ್ರವಾಗಿ ಹೋಗಬಹುದೆಂದು ತಿಳಿದುಕೊಳ್ಳಿ

1950ರ ಜೂನ್ 25ರಂದು ಆರಂಭವಾದ ಕೊರಿಯಾ ಯುದ್ಧವು 1953ರ ಜುಲೈ 27ರಂದು ಕದನವಿರಾಮದ ಒಪ್ಪಂದದೊಂದಿಗೆ ನಿಂತಿತು. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ಸೇನೆಗಳು ಆ ಹೊತ್ತಿಗೆ ಎದುರುಬದುರಾಗಿ ನಿಂತಿದ್ದ ಸಾಲನ್ನೇ ಗಡಿರೇಖೆಯೆಂದು ಗುರುತಿಸಿ, ಎರಡೂ ಕಡೆಯವರು ಅಲ್ಲಿಂದ ತಲಾ 2 ಕಿ.ಮೀ. ಹಿಂದೆ ಸರಿದರು. ಹೀಗೆ ಉಂಟಾದ 4 ಕಿ.ಮೀ. ಅಗಲದ, ಸುಮಾರು 250 ಕಿ.ಮೀ. ಉದ್ದದ ಪಟ್ಟಿಯೇ ಸೇನಾರಹಿತ ವಲಯ; ಪ್ರವಾಸದ ಜಾಹೀರಾತುಗಳಲ್ಲಿ ಡಿಎಂಜೆಡ್ ಎಂದು ಕರೆಯುವುದು ಇದನ್ನೇ. ಹೆಸರು ಸೇನಾರಹಿತವಾದರೂ ಇದರ ಎರಡೂ ಅಂಚುಗಳಲ್ಲಿ ಬೇಲಿ, ಕಾವಲು, ನೆಲಬಾಂಬುಗಳಿವೆ. ಇದರ ದಕ್ಷಿಣಕ್ಕೆ ಕೆಲವು ಕಿಲೋಮೀಟರ್ ಅಂತರದಲ್ಲಿ ನಾಗರಿಕ ನಿಯಂತ್ರಣ ರೇಖೆ ಎಂಬ ಇನ್ನೊಂದು ಗೆರೆಯಿದ್ದು, ಅದನ್ನು ದಾಟಿ ಒಳಗೆ ಹೋಗಲು ಸೇನೆಯ ಅನುಮತಿ ಬೇಕು.

ನಮ್ಮ ತೀರ್ಮಾನಕ್ಕೆ ಈ ಗೆರೆಯೇ ಮುಖ್ಯ. ಇದರ ಹೊರಗಿರುವ ಜಾಗಗಳಿಗೆ ಯಾರು ಬೇಕಾದರೂ ತಮ್ಮಷ್ಟಕ್ಕೆ ಹೋಗಬಹುದು. ಪಾಜು ನಗರದ ಇಮ್ಜಿನ್‌ಗಾಕ್ ಉದ್ಯಾನ, ಹಾನ್ ಮತ್ತು ಇಮ್ಜಿನ್ ನದಿಗಳ ಸಂಗಮದ ಮೇಲಿರುವ ಒದುಸಾನ್ ವೀಕ್ಷಣಾಲಯ ಇಂಥವು. ಗೆರೆಯ ಒಳಗಿರುವ, ಉತ್ತರದವರು ಗಡಿಯಡಿಯಲ್ಲಿ ಕೊರೆದರೆನ್ನಲಾದ ಮೂರನೇ ಸುರಂಗ ಮತ್ತು ದೋರಾ ವೀಕ್ಷಣಾಲಯಗಳಿಗೆ ಪಾಸ್‌ಪೋರ್ಟ್ ತೋರಿಸಿ, ಗುಂಪಿನೊಡನೆ, ನಿಗದಿತ ಬಸ್ಸಿನಲ್ಲೇ ಹೋಗಬೇಕು. ಗೈಡ್ ಬೇಡವೆಂದು ರೈಲಿನಲ್ಲಿ ಹೋದವರೂ ಇಮ್ಜಿನ್‌ಗಾಕ್‌ನಲ್ಲಿ ಇಳಿದು ಅಲ್ಲಿನ ಬಸ್ಸಿನ ಟಿಕೆಟ್ ಕೊಂಡೇ ಒಳಗೆ ಹೋಗಬೇಕಾಗುತ್ತದೆ. ಆದ್ದರಿಂದ ಒಳಭಾಗದ ಮಟ್ಟಿಗೆ ಪ್ರಶ್ನೆ ಇರುವುದು ಯಾವ ಗುಂಪಿನೊಡನೆ, ಯಾವ ಭಾಷೆಯ ವಿವರಣೆಯೊಡನೆ ಹೋಗಬೇಕೆಂಬುದಷ್ಟೇ.

ಮೂರನೆಯದು, ಗಡಿರೇಖೆಯ ಮೇಲೆಯೇ ಇರುವ ಪನ್‌ಮುನ್‌ಜೊಮ್‌ನ ಜಂಟಿ ಭದ್ರತಾ ಪ್ರದೇಶ. ಚಿತ್ರಗಳಲ್ಲಿ ಕಾಣುವ ನೀಲಿ ಕಟ್ಟಡಗಳಿರುವುದೂ, 2018ರ ಏಪ್ರಿಲ್ 27ರಂದು ಎರಡೂ ದೇಶಗಳ ನಾಯಕರು ಕೈ ಹಿಡಿದು ಗೆರೆ ದಾಟಿದ್ದೂ ಇಲ್ಲಿಯೇ. ಇಲ್ಲಿಗೆ ಒಂಟಿಯಾಗಿ ಹೋಗುವ ದಾರಿಯೇ ಇಲ್ಲ. 2023ರ ಜುಲೈನಲ್ಲಿ ಅಮೆರಿಕದ ಸೈನಿಕನೊಬ್ಬ ಪ್ರವಾಸಿಗರ ಗುಂಪಿನಿಂದ ಓಡಿ ಉತ್ತರಕ್ಕೆ ದಾಟಿದ ಮೇಲೆ ಇಲ್ಲಿನ ಪ್ರವಾಸಗಳನ್ನು ನಿಲ್ಲಿಸಲಾಯಿತು. ಅಂದಿನಿಂದ ಇಲ್ಲಿಯ ಪ್ರವೇಶವು ಗಡಿಯ ಪರಿಸ್ಥಿತಿಗೆ ತಕ್ಕಂತೆ ಬದಲಾಗುವುದರಿಂದ, ವಿಮಾನದ ಟಿಕೆಟ್ ಮಾಡಿಸುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ. ಹಲವು ಜಾಹೀರಾತುಗಳು ನೀಲಿ ಕಟ್ಟಡಗಳ ಚಿತ್ರ ಹಾಕಿ ಸುರಂಗ ಮತ್ತು ವೀಕ್ಷಣಾಲಯದ ಪ್ರವಾಸವನ್ನು ಮಾರುತ್ತವೆ. ಚಿತ್ರವನ್ನು ನಂಬದೆ ಸ್ಥಳಗಳ ಪಟ್ಟಿಯನ್ನು ಒಂದೊಂದಾಗಿ ಓದಿ ನೋಡಿ.

ಎರಡನೆಯ ಹಂತ: ಏನನ್ನು ನೋಡಲು ಹೋಗುತ್ತಿದ್ದೀರೆಂದು ಮನೆಯಲ್ಲೇ ನಿರ್ಧರಿಸಿ

ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯನ್ನು ಹತ್ತಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಆ ಕೋಟೆ ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಆದರೆ ಒಳಗೆ ನಡೆದಾಡುವವನಿಗೆ ಆ ಆಕಾರ ಕಾಣುವುದಿಲ್ಲ, ಬರೀ ಗೋಡೆ ಕಾಣುತ್ತದೆ. ಘಟ್ಟದ ಮೇಲಿನ ನಾಡಿಗೂ ಮಂಗಳೂರು ಕರಾವಳಿಗೂ ನಡುವಿನ ದಾರಿಯನ್ನು ಕಾಯಲು ಕಟ್ಟಿದ್ದೆಂದು ಯಾರಾದರೂ ಹೇಳಿದಾಗಲೇ ಅದು ಆ ಗುಡ್ಡದ ಮೇಲೆಯೇ ಏಕಿದೆಯೆಂಬುದು ಹೊಳೆಯುತ್ತದೆ. ಗಡಿಯ ಜಾಗಗಳೆಲ್ಲವೂ ಹೀಗೆಯೇ. ಕಣ್ಣಿಗೆ ಬೀಳುವುದು ಸ್ವಲ್ಪ, ಹೇಳಿಸಿಕೊಂಡು ತಿಳಿಯಬೇಕಾದದ್ದು ಹೆಚ್ಚು. ಓದಿಕೊಂಡು ಹೋದವರು ಗೈಡ್ ಇಲ್ಲದೆಯೂ ನೋಡಬಲ್ಲರು. ಓದಲು ಸಮಯವಿಲ್ಲದವರು ಖಂಡಿತವಾಗಿ ಗೈಡ್ ತೆಗೆದುಕೊಳ್ಳಬೇಕು.

ಉತ್ತರ ಕೊರಿಯಾವನ್ನು ಒಮ್ಮೆ ಕಣ್ಣಿಂದ ನೋಡಬೇಕೆಂಬುದಷ್ಟೇ ಆಸೆಯಾದರೆ ಅರ್ಧ ದಿನದ ಪ್ರವಾಸ ಸಾಕು. ದೋರಾ ವೀಕ್ಷಣಾಲಯದಿಂದ ಕೆಸೊಂಗ್ ನಗರದ ಕಡೆಯ ಬಯಲು, 160 ಮೀಟರ್ ಎತ್ತರದ ಕಂಬದ ಮೇಲಿನ ಉತ್ತರದ ಧ್ವಜ, ಎರಡೂ ದೇಶಗಳು ಸೇರಿ ನಡೆಸಿ 2016ರಲ್ಲಿ ಮುಚ್ಚಿದ ಕೈಗಾರಿಕಾ ಪ್ರದೇಶ ಇವು ದೂರದರ್ಶಕದಲ್ಲಿ ಕಾಣುತ್ತವೆ. ಅಲ್ಲಿ ಗೈಡ್ ಮಾಡುವ ದೊಡ್ಡ ಉಪಕಾರವೆಂದರೆ ಯಾವುದು ಯಾವುದೆಂದು ಬೆರಳಿಟ್ಟು ತೋರಿಸುವುದು. ನಾನು ಒಬ್ಬನೇ ಹೋದಾಗ ಅದೇ ಬಯಲನ್ನು ನೋಡುತ್ತಾ ನಿಂತಿದ್ದರೂ ಕಾರ್ಖಾನೆ ಯಾವುದು, ಊರು ಯಾವುದು ಎಂದು ಗುರುತು ಹಚ್ಚಲು ಬಹಳ ಹೊತ್ತು ಬೇಕಾಯಿತು.

ಆದರೆ ಕನ್ನಡಿಗರು ಇಲ್ಲಿಗೆ ಬರಲು ಇನ್ನೂ ಒಂದು ಕಾರಣವಿದೆ, ಮತ್ತು ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಕದನವಿರಾಮವಾದಾಗ ಉಳಿದಿದ್ದ ಅತಿ ಕಠಿಣವಾದ ಸಮಸ್ಯೆಯೆಂದರೆ, ತಮ್ಮ ದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳದು. ದಕ್ಷಿಣದ ಪರವಾಗಿ ಹೋರಾಡಿದ ವಿಶ್ವಸಂಸ್ಥೆಯ ಪಡೆಗಳ ಕೈಯಲ್ಲೇ ಅಂಥವರು 22,600 ಮಂದಿ ಇದ್ದರು. ಇವರ ಇತ್ಯರ್ಥಕ್ಕಾಗಿ ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರಾಗಿದ್ದವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯ; ಮುಂದೆ 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾದವರು. ಕೈದಿಗಳನ್ನು ಕಾಯುವ ಹೊಣೆ ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ಅವರ ನೇತೃತ್ವದ ಭಾರತೀಯ ಪಡೆಯದಾಗಿತ್ತು. ದಕ್ಷಿಣ ಕೊರಿಯಾದ ಅಂದಿನ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದಿದ್ದರಿಂದ, ಇಂಚಾನ್ ಬಂದರಿಗೆ ಹಡಗಿನಲ್ಲಿ ಬಂದ ಅವರನ್ನು ಹೆಲಿಕಾಪ್ಟರುಗಳಲ್ಲಿ ಹೊತ್ತೊಯ್ದು ನೇರವಾಗಿ ಸೇನಾರಹಿತ ವಲಯದಲ್ಲೇ ಇಳಿಸಬೇಕಾಯಿತು. ಅವರ ಶಿಬಿರದ ಹೆಸರು ಹಿಂದ್ ನಗರ. ಊರಿಗೂ ಬೇಡ, ಎದುರಾಳಿಯ ದೇಶಕ್ಕೂ ಬೇಡ ಎಂದ 88 ಮಂದಿ 1954ರ ಆರಂಭದಲ್ಲಿ ನಮ್ಮ ಸೈನಿಕರ ಜೊತೆಗೇ ಭಾರತಕ್ಕೆ ಬಂದರು. ಅವರಲ್ಲಿ ಹಲವರು ಆಮೇಲೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋಗಿ ನೆಲೆಸಿದರು.

ನಮ್ಮ ಬಸ್ಸಿನ ಗೈಡ್ ಬಹಳ ಚೆನ್ನಾಗಿ ಮಾತನಾಡುವ ಯುವತಿ. ಆದರೂ ಇಡೀ ದಿನದಲ್ಲಿ ಭಾರತದ ಹೆಸರು ಒಮ್ಮೆಯೂ ಬರಲಿಲ್ಲ. ಅಕ್ಕ ತಿಮ್ಮಯ್ಯನವರ ವಿಷಯ ಕೇಳಿದಾಗ ಆಕೆ ತನಗೆ ತಿಳಿಯದೆಂದು ಹೇಳಿ, ಹೆಸರನ್ನು ಕೇಳಿ ಬರೆದುಕೊಂಡಳು. ಈ ಇತಿಹಾಸಕ್ಕಾಗಿ ಹೋಗುವವರು ಗೈಡನ್ನು ನೆಚ್ಚಿಕೊಳ್ಳದೆ ತಾವೇ ಸಿದ್ಧರಾಗಿ ಹೋಗಬೇಕು. ಅದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಮಡಿಕೇರಿಯಲ್ಲಿ ತಿಮ್ಮಯ್ಯನವರು ಬೆಳೆದ ‘ಸನ್ನಿ ಸೈಡ್’ ಮನೆಯೇ 2021ರಿಂದ ಅವರ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ; ಹಾಸನದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆಗೆ ಮರಳಬಹುದು. ಕೊರಿಯಾಕ್ಕೆ ಹೊರಡುವ ಮುಂಚಿನ ಒಂದು ಭಾನುವಾರವನ್ನು ಇದಕ್ಕೆ ಕೊಡಿ ಎಂದು ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ. ಇಮ್ಜಿನ್‌ಗಾಕ್‌ಗೆ ಹೋಗುವ ರೈಲುಮಾರ್ಗದಲ್ಲಿ ಬರುವ ಮುನ್ಸಾನ್ ಎಂಬ ಊರನ್ನೂ ನೆನಪಿಟ್ಟುಕೊಳ್ಳಿ. 1951ರ ಮಾರ್ಚ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನೇತೃತ್ವದ ಭಾರತೀಯ ಸೇನಾ ವೈದ್ಯಕೀಯ ತಂಡದವರು ಅಮೆರಿಕದ ಪಡೆಯ ಜೊತೆ ಪ್ಯಾರಾಚೂಟ್‌ನಲ್ಲಿ ಇಳಿದು ಗಾಯಾಳುಗಳಿಗೆ ಚಿಕಿತ್ಸೆ ನೀಡಿದ ಜಾಗವದು.

ಮೂರನೆಯ ಹಂತ: ಜೊತೆಗೆ ಬರುವವರನ್ನೂ ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಪ್ರವಾಸದ ಅತಿ ಕಷ್ಟದ ಭಾಗ ಮೂರನೇ ಸುರಂಗ. ಉತ್ತರ ಕೊರಿಯಾದವರು ದಕ್ಷಿಣದ ಮೇಲೆ ದಾಳಿ ಮಾಡಲು ಕೊರೆದರೆಂದು ದಕ್ಷಿಣದವರು ಹೇಳುವ, 1978ರಲ್ಲಿ ಪತ್ತೆಯಾದ ಈ ಸುರಂಗ ನೆಲದಿಂದ 73 ಮೀಟರ್ ಆಳದಲ್ಲಿದ್ದು, ಅಗಲ ಮತ್ತು ಎತ್ತರ ತಲಾ ಸುಮಾರು 2 ಮೀಟರ್ ಇದೆ. ನಡೆದು ಹೋಗುವವರು ಮುನ್ನೂರು ಮೀಟರಿಗೂ ಉದ್ದವಾದ ಕಡಿದಾದ ಇಳಿಜಾರಿನಲ್ಲಿ ಇಳಿದು, ಹೆಲ್ಮೆಟ್ ಹಾಕಿಕೊಂಡು ಅಲ್ಲಲ್ಲಿ ಬಗ್ಗಿ ನಡೆದು, ಅದೇ ಇಳಿಜಾರನ್ನು ಮತ್ತೆ ಹತ್ತಬೇಕು. ಇಳಿಯುವಾಗ ಏನೂ ಅನ್ನಿಸುವುದಿಲ್ಲ; ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಎಲ್ಲಿಯೂ ಕೂರದೆ ಹತ್ತಬಲ್ಲವರು ಇದನ್ನು ನಿಭಾಯಿಸುತ್ತಾರೆ. ಹೃದಯದ ತೊಂದರೆ, ಉಬ್ಬಸ, ಮಂಡಿನೋವು, ಇಕ್ಕಟ್ಟಾದ ಜಾಗದ ಭಯ ಇರುವವರು ಮೇಲೆಯೇ ಉಳಿದು ಅಲ್ಲಿನ ಪ್ರದರ್ಶನಾಲಯವನ್ನು ನೋಡುವುದು ಲೇಸು. ಭಾವ ಹಾಗೆಯೇ ಮಾಡಿದರು. ವಯಸ್ಸಾದವರಿದ್ದರೆ ಗೈಡ್ ಇರುವ ಬಸ್ಸೇ ಉತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಇಂಥ ಹೊತ್ತಿನಲ್ಲಿ ಅವರ ಬಳಿ ಇರುವವರು, ಅವರನ್ನು ಮತ್ತೆ ಬಸ್ಸಿಗೆ ಸೇರಿಸುವವರು ಒಬ್ಬರಿರುತ್ತಾರೆ.

ಋತುವಿನ ವಿಷಯವನ್ನು ಮಲೆನಾಡಿನವರಿಗೆ ಹೆಚ್ಚು ಹೇಳಬೇಕಿಲ್ಲ. ಜುಲೈ ತಿಂಗಳಲ್ಲಿ ಮಂಜರಾಬಾದ್ ಮೇಲೆ ನಿಂತರೆ ಹೇಗೆ ಬರೀ ಮಂಜು ಕಾಣುತ್ತದೋ, ಕೊರಿಯಾದ ಮಳೆಗಾಲದಲ್ಲಿ ವೀಕ್ಷಣಾಲಯದಿಂದಲೂ ಹಾಗೆಯೇ. ದೂರದ ನೋಟಕ್ಕೆ ಅಕ್ಟೋಬರ್ ತಿಂಗಳು ಒಳ್ಳೆಯದು. ಚಳಿಗಾಲದಲ್ಲಿ ತಾಪಮಾನ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಆದರೆ ಹಕ್ಕಿಗಳಲ್ಲಿ ಆಸಕ್ತಿ ಇರುವವರಿಗೆ ಅದೇ ಸಕಾಲ, ಏಕೆಂದರೆ ಮನುಷ್ಯರ ಓಡಾಟವಿಲ್ಲದ ಈ ಪಟ್ಟಿಯ ಅಂಚಿನ ಚೊರ್ವೊನ್ ಬಯಲಿಗೆ ಆಗ ಕೆಂಪು ನೆತ್ತಿಯ ಕೊಕ್ಕರೆಗಳು ವಲಸೆ ಬರುತ್ತವೆ.

ನಾಲ್ಕನೆಯ ಹಂತ: ಗೈಡನ್ನೂ ಪ್ರವಾಸವನ್ನೂ ಪರೀಕ್ಷಿಸಿ ಆರಿಸಿ

ಬೇಲೂರು, ಹಳೇಬೀಡುಗಳಿಗೆ ನೆಂಟರನ್ನು ಕರೆದುಕೊಂಡು ಹೋಗಿ ಬಂದ ನಮಗೆ ಗೈಡ್‌ಗಳಲ್ಲಿ ಎರಡು ಬಗೆಯವರಿರುತ್ತಾರೆಂದು ಗೊತ್ತು. ಒಬ್ಬರು ಪ್ರತಿ ಮದನಿಕೆಯ ಮುಂದೆಯೂ ನಿಲ್ಲಿಸಿ ಒಂದೊಂದು ಸ್ವಾರಸ್ಯದ ಕಥೆ ಹೇಳಿ ಮುಂದೆ ನಡೆಸುತ್ತಾರೆ. ಇನ್ನೊಬ್ಬರು 1117ರಲ್ಲಿ ವಿಷ್ಣುವರ್ಧನ ಈ ಗುಡಿಯನ್ನು ಏಕೆ ಕಟ್ಟಿಸಿದನೆಂಬಲ್ಲಿಂದ ಆರಂಭಿಸಿ, ಯಾವುದು ಶಾಸನದಲ್ಲಿದೆ, ಯಾವುದು ಜನರ ಬಾಯಲ್ಲಿದೆ ಎಂದು ಬಿಡಿಸಿ ಹೇಳುತ್ತಾರೆ. ಗಡಿವಲಯಕ್ಕೆ ಎರಡನೆಯ ಬಗೆಯವರು ಬೇಕು, ಏಕೆಂದರೆ ಅಲ್ಲಿ ಹೇಳುವ ಪ್ರತಿಯೊಂದು ಮಾತಿಗೂ ಆಚೆ ಕಡೆಯವರ ಇನ್ನೊಂದು ಮಾತಿದೆ. ಸುರಂಗವನ್ನೇ ತೆಗೆದುಕೊಳ್ಳಿ: ಅದು ಕಲ್ಲಿದ್ದಲಿನ ಗಣಿಯೆಂದು ಉತ್ತರದವರು ಹೇಳಿದ್ದರು, ಗೋಡೆಗಳಿಗೆ ಕರಿ ಬಳಿದಿರುವುದನ್ನು ದಕ್ಷಿಣದವರು ಸುಳ್ಳಿನ ಸಾಕ್ಷಿಯೆಂದು ತೋರಿಸುತ್ತಾರೆ. ಪ್ರವಾಸಿಗರ ವಿಮರ್ಶೆಗಳನ್ನು ಓದುವಾಗ ‘ಗೈಡ್ ತುಂಬಾ ತಮಾಷೆ ಮಾಡಿದರು’ ಎಂಬಂಥವನ್ನು ಬಿಟ್ಟು, ಅವರು ಪ್ರಶ್ನೆಗಳಿಗೆ ಹೇಗೆ ಉತ್ತರಿಸಿದರೆಂದು ಬರೆದಿರುವವನ್ನು ಹುಡುಕಿ.

ಕೆಲವು ಪ್ರವಾಸಗಳಲ್ಲಿ ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದವರೊಬ್ಬರು ಜೊತೆಗಿದ್ದು ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಸ್ವಲ್ಪ ಹೆಚ್ಚು ಹಣವಾದರೂ ಇದು ಯೋಗ್ಯವೆಂದು ನನಗೆ ಅನ್ನಿಸುತ್ತದೆ. ಆದರೆ ಅವರನ್ನು ಊಟ, ಶಾಲೆ, ಹಬ್ಬ, ದಿನಚರಿಯ ಬಗ್ಗೆ ಕೇಳಿ. ಅಲ್ಲಿ ಬಿಟ್ಟುಬಂದ ಮನೆಯವರ ಬಗ್ಗೆ ಅವರಾಗಿಯೇ ಹೇಳದ ಹೊರತು ಕೇಳಬೇಡಿ.

ಹಣ ಕಟ್ಟುವ ಮೊದಲು ಸಂಸ್ಥೆಗೆ ಬರವಣಿಗೆಯಲ್ಲಿ ಕೆಲವು ಪ್ರಶ್ನೆಗಳನ್ನು ಕಳುಹಿಸಿ. ನಾಗರಿಕ ನಿಯಂತ್ರಣ ರೇಖೆಯ ಒಳಗಿನ ಯಾವ ಯಾವ ಸ್ಥಳಗಳು ಸೇರಿವೆ? ಪ್ರವೇಶ ಶುಲ್ಕ ಸೇರಿದೆಯೇ? ದಾರಿಯಲ್ಲಿ ಜಿನ್ಸೆಂಗ್ ಎಂಬ ಔಷಧದ ಬೇರಿನ ಅಥವಾ ಹರಳಿನ ಅಂಗಡಿಗಳಲ್ಲಿ ಬಸ್ ನಿಲ್ಲುತ್ತದೆಯೇ, ನಿಂತರೆ ಎಷ್ಟು ಹೊತ್ತು? ಸೇನೆ ಪ್ರವೇಶ ನಿಲ್ಲಿಸಿದರೆ ಹಣ ಮರಳುತ್ತದೆಯೇ, ಅಥವಾ ಬೇರೆ ಸ್ಥಳ ತೋರಿಸಿ ಮುಗಿಸುತ್ತಾರೆಯೇ? ಅಗ್ಗದ ಪ್ರವಾಸಗಳಲ್ಲಿ ಅಂಗಡಿಯ ನಿಲುಗಡೆ ಇರುವುದು ಸಾಮಾನ್ಯ. ಅರ್ಧ ದಿನದಲ್ಲಿ ಒಂದು ಗಂಟೆ ಅಲ್ಲಿ ಹೋದರೆ ವೀಕ್ಷಣಾಲಯದಲ್ಲಿ ಹತ್ತು ನಿಮಿಷವಷ್ಟೇ ಉಳಿಯುತ್ತದೆ. ಪೂರ್ಣ ದಿನದ ಪ್ರವಾಸದಲ್ಲಿ ಊಟ ಸೇರಿದ್ದರೆ ಮೊಟ್ಟೆ, ಮೀನು ಕೂಡ ತಿನ್ನದ ಸಸ್ಯಾಹಾರಿಗಳೆಂದು ಬಿಡಿಸಿ ಬರೆಯಿರಿ; ಸುಮ್ಮನೆ ಸಸ್ಯಾಹಾರಿ ಎಂದರೆ ಮೀನಿನ ಸಾರು ಬರಬಹುದು. ಬುತ್ತಿ ಕಟ್ಟಿಕೊಂಡು ಹೋಗುವುದು ಎಲ್ಲಕ್ಕಿಂತ ನಿಶ್ಚಿಂತೆ.

ಭಾಷೆಯ ವಿಷಯವನ್ನು ಹಗುರವಾಗಿ ಕಾಣಬೇಡಿ. ಗೈಡ್ ಇರುವ ಬಸ್ಸಿನಲ್ಲಿ ವಿವರಣೆ ಇಂಗ್ಲಿಷಿನಲ್ಲಿರುತ್ತದೆ, ಅದೂ ನಮಗೆ ರೂಢಿಯಿಲ್ಲದ ಉಚ್ಚಾರದಲ್ಲಿ. ಇಂಗ್ಲಿಷ್ ಅಷ್ಟಾಗಿ ಬಾರದ ತಂದೆತಾಯಿಗಳನ್ನು ಅವರಷ್ಟಕ್ಕೇ ಬಸ್ಸು ಹತ್ತಿಸಿದರೆ ಹಣ ಕೊಟ್ಟೂ ಅವರು ಮೌನವಾಗಿ ಕುಳಿತು ಬರುತ್ತಾರೆ. ಮಗನೋ ಮಗಳೋ ರಜೆ ಹಾಕಿ ಜೊತೆಗೆ ಹೋಗಿ, ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳಬೇಕು. ಆ ಮಕ್ಕಳು ಕೊರಿಯನ್ ಭಾಷೆ ಕಲಿತವರಾಗಿದ್ದರೆ ಇಮ್ಜಿನ್‌ಗಾಕ್‌ನ ಬಸ್ಸಿನ ಕೊರಿಯನ್ ವಿವರಣೆಯೇ ಸಾಕಾಗುತ್ತದೆ, ಬೇರೆ ಗೈಡ್ ಬೇಕಿಲ್ಲ.

ಐದನೆಯ ಹಂತ: ದಿನ ಮತ್ತು ದಾಖಲೆ

ಸೋಮವಾರ ಒಳಭಾಗಕ್ಕೆ ಪ್ರವೇಶವಿರುವುದಿಲ್ಲ. ಕೊರಿಯಾದ ಕೆಲವು ಸಾರ್ವಜನಿಕ ರಜಾದಿನಗಳಲ್ಲೂ ಹಾಗೆಯೇ. ಮೂಲ ಪಾಸ್‌ಪೋರ್ಟ್ ಕಡ್ಡಾಯ. ಭಾವ ಅದನ್ನು ಕೋಣೆಯಲ್ಲಿ ಜೋಪಾನವಾಗಿಟ್ಟು ನೆರಳುಪ್ರತಿಯನ್ನು ತಂದಿದ್ದರು. ಬಸ್ಸು ಹೊರಡುವ ಮೊದಲೇ ಗೈಡ್ ಕೇಳಿದ್ದರಿಂದ ಟ್ಯಾಕ್ಸಿಯಲ್ಲಿ ಹೋಗಿ ತರಲು ಸಮಯ ಸಿಕ್ಕಿತು. ಇಮ್ಜಿನ್ ನದಿಯ ಸೇತುವೆಯ ಬಳಿ ಸೈನಿಕರು ಬಸ್ಸು ಹತ್ತಿ ಒಬ್ಬೊಬ್ಬರ ಮುಖವನ್ನೂ ಪಾಸ್‌ಪೋರ್ಟನ್ನೂ ನೋಡುವಾಗ ತಿಳಿದಿದ್ದರೆ ಅವರು ಒಳಗೆ ಬರುವಂತಿರಲಿಲ್ಲ. ಜಂಟಿ ಭದ್ರತಾ ಪ್ರದೇಶಕ್ಕೆ ವಿವರಗಳನ್ನು ಬಹಳ ಮುಂಚೆ ಕೊಟ್ಟಿರಬೇಕು, ಮತ್ತು ಹರಿದ ಜೀನ್ಸ್, ತೋಳಿಲ್ಲದ ಅಂಗಿಗಳಿಗೆ ಅಲ್ಲಿ ಅವಕಾಶವಿಲ್ಲ. ಊರಿಗೆ ಮರಳುವ ವಿಮಾನದ ದಿನವನ್ನಾಗಲಿ ಅದರ ಹಿಂದಿನ ದಿನವನ್ನಾಗಲಿ ಇದಕ್ಕೆ ಇಟ್ಟುಕೊಳ್ಳಬೇಡಿ. ವಾಸ್ತವ್ಯದ ಮೊದಲ ವಾರದಲ್ಲೇ ದಿನ ಗೊತ್ತುಮಾಡಿಕೊಂಡರೆ ರದ್ದಾದಾಗ ಇನ್ನೊಂದು ದಿನ ಹೋಗಬಹುದು.

ಆರನೆಯ ಹಂತ: ಗೈಡ್ ಬೇಡವೆಂದು ನಿರ್ಧರಿಸಿದರೆ

ಸಿಯೋಲ್‌ನಿಂದ ಗಡಿಗೆ ಇರುವ ದೂರ ಹೆಚ್ಚುಕಡಿಮೆ ಹಾಸನದಿಂದ ಸಕಲೇಶಪುರ ದಾಟಿ ಮಂಜರಾಬಾದ್‌ಗೆ ಹೋದಷ್ಟೇ. ನಗರದ ರೈಲಿನಲ್ಲಿ ಮುನ್ಸಾನ್‌ವರೆಗೆ ಹೋಗಿ, ಅಲ್ಲಿಂದ ಇಮ್ಜಿನ್‌ಗಾಂಗ್ ನಿಲ್ದಾಣ ತಲುಪಿದರೆ ಇಮ್ಜಿನ್‌ಗಾಕ್ ಕಾಲ್ನಡಿಗೆಯ ದೂರದಲ್ಲಿದೆ. ಒಳಗೆ ಹೋಗುವ ಬಸ್ಸಿನ ಟಿಕೆಟ್ ಮೊದಲು ಬಂದವರಿಗೆ ಮೊದಲು ಸಿಗುವುದರಿಂದ, ವಾರಾಂತ್ಯದಲ್ಲಿ ಬೆಳಿಗ್ಗೆ ಕೌಂಟರ್ ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಆ ಬಸ್ಸಿನಲ್ಲಿ ಹೋಗದಿದ್ದರೂ ನದಿಯ ಮೇಲೆ ಹಾದು ನಾಗರಿಕ ನಿಯಂತ್ರಣ ರೇಖೆಯ ಆಚೆ ಇಳಿಸುವ ಗೊಂಡೋಲಾ, ಅಂದರೆ ತಂತಿಯ ಮೇಲೆ ಸಾಗುವ ತೊಟ್ಟಿಲು, ಇದೆ. ಯುದ್ಧಕೈದಿಗಳು 1953ರಲ್ಲಿ ನಡೆದು ಬಂದ ಸ್ವಾತಂತ್ರ್ಯ ಸೇತುವೆ, ಗುಂಡಿನ ತೂತುಗಳಿಂದ ತುಂಬಿದ ಹಳೆಯ ಉಗಿ ರೈಲಿನ ಎಂಜಿನ್ ಅಲ್ಲಿಯೇ ಇವೆ.

ಹೀಗೆ ಸ್ವಂತವಾಗಿ ಹೋಗುವುದರಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಸಮಯ. ಗೈಡ್ ಇದ್ದಾಗ ಮಾಂಗ್‌ಬೆದಾನ್ ಎಂಬ ಕಲ್ಲಿನ ಕಟ್ಟೆಯನ್ನು ನಾವು ಐದು ನಿಮಿಷದಲ್ಲಿ ದಾಟಿದ್ದೆವು. ಉತ್ತರದಲ್ಲಿ ಊರು ಬಿಟ್ಟುಬಂದ ಮನೆತನದವರು ಹೊಸ ವರ್ಷದ ದಿನವೂ ಚುಸೊಕ್ ಹಬ್ಬದ ದಿನವೂ ಇಲ್ಲಿ ಉತ್ತರಕ್ಕೆ ಮುಖ ಮಾಡಿ ತಮ್ಮ ಹಿರಿಯರಿಗೆ ಎಡೆಯಿಟ್ಟು ನಮಸ್ಕರಿಸುತ್ತಾರೆ. ಹೆಚ್ಚಿನ ವರ್ಷಗಳಲ್ಲಿ ಚುಸೊಕ್ ಬರುವುದು ನಮ್ಮಲ್ಲಿ ಪಿತೃಪಕ್ಷ ಆರಂಭವಾಗುವ ಹುಣ್ಣಿಮೆಯ ಆಸುಪಾಸಿನಲ್ಲಿ. ಎರಡನೆಯ ಸಲ ನಾನು ಆ ಕಟ್ಟೆಯ ಬಳಿ ಒಂದು ಗಂಟೆ ಕುಳಿತೆ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರು, ಬೇಸಿಗೆಯಲ್ಲಿ ನೀರು ಇಳಿದು ಶೆಟ್ಟಿಹಳ್ಳಿಯ ಚರ್ಚು ಪೂರ್ತಿ ಕಾಣುವ ದಿನಗಳಲ್ಲಿ ದಡದಲ್ಲಿ ನಿಂತು ‘ನಮ್ಮ ಮನೆ ಅಲ್ಲಿತ್ತು’ ಎಂದು ಕೈ ತೋರಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಇಲ್ಲಿ ಒಬ್ಬ ವೃದ್ಧರು ಮೊಮ್ಮಗನಿಗೆ ಅದೇ ರೀತಿ ಕೈ ತೋರಿಸುತ್ತಿದ್ದರು. ಇಂಥದ್ದಕ್ಕಾಗಿ ಹೋಗುವವರು ಬಸ್ಸಿನ ಗಡಿಯಾರಕ್ಕೆ ಕಟ್ಟುಬೀಳದಿರುವುದೇ ಒಳ್ಳೆಯದು. ಎರಡು ದಿನ ಕೊಡಬಲ್ಲವರಿಗೆ ನನ್ನ ಸಲಹೆಯೆಂದರೆ, ಸುರಂಗ ಮತ್ತು ವೀಕ್ಷಣಾಲಯವನ್ನು ಒಂದು ದಿನ ಗೈಡ್ ಜೊತೆ ನೋಡಿ, ಇಮ್ಜಿನ್‌ಗಾಕ್‌ಗೆ ಇನ್ನೊಂದು ದಿನ ತಾವೇ ಮರಳಿ ಹೋಗಬೇಕು.

ಕೊನೆಯ ಹಂತ: ಅಲ್ಲಿ ನಡೆದುಕೊಳ್ಳುವ ರೀತಿ ಮತ್ತು ಪ್ರವಾಸ ರದ್ದಾದರೆ ಮಾಡಬೇಕಾದದ್ದು

ಚಿತ್ರ ತೆಗೆಯಬಾರದೆಂದ ಕಡೆ ಮೊಬೈಲನ್ನು ಚೀಲದಿಂದ ತೆಗೆಯಲೇಬೇಡಿ. ಹಾಕಿದ ದಾರಿಯಿಂದ ಒಂದು ಹೆಜ್ಜೆಯೂ ಆಚೆ ಇಡಬೇಡಿ. ನೆಲಬಾಂಬಿನ ಎಚ್ಚರಿಕೆಯ ಫಲಕಗಳು ಅಲಂಕಾರಕ್ಕೆ ಹಾಕಿದವಲ್ಲ. ಪನ್‌ಮುನ್‌ಜೊಮ್‌ನಲ್ಲಿ ಆಚೆ ಕಡೆಯ ಸೈನಿಕರಿಗೆ ಕೈ ಬೀಸುವುದು, ಬೆರಳು ತೋರಿಸುವುದು ನಿಷಿದ್ಧ.

ಬೆಳಿಗ್ಗೆ ಹೊರಡುವ ಹೊತ್ತಿಗೆ ಸೇನೆ ಒಳಭಾಗವನ್ನು ಮುಚ್ಚಿದೆಯೆಂಬ ಸುದ್ದಿ ಬಂದರೆ ಹಣ ಹಿಂದಿರುಗಿಸುವಂತೆ ಕೇಳಿ ಪಡೆದು, ಒದುಸಾನ್‌ಗೆ ಹೋಗಿ. ಅಲ್ಲಿಗೆ ಸೇನೆಯ ಪಾಸು ಬೇಕಿಲ್ಲ, ನದಿಯ ಆಚೆ ದಡದಲ್ಲಿ ಉತ್ತರ ಕೊರಿಯಾದ ಹೊಲಗಳೂ ಮನೆಗಳೂ ದೂರದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತವೆ, ಮತ್ತು ಮಧ್ಯಾಹ್ನ ಹೊರಟರೂ ಸಂಜೆಯೊಳಗೆ ಸಿಯೋಲ್‌ಗೆ ಮರಳಬಹುದು.